ಆಗ ಹೇಳಿದ್ದೊಂದು, ಈಗ ಬರೆದದ್ದೊಂದು: ರಾಜಕಾರಣಿಗಳ ಆತ್ಮಕಥೆಯನ್ನು ಓದುವುದು ಹೇಗೆ?

ರಾಜಕಾರಣಿಯೊಬ್ಬರ ಆತ್ಮಕಥೆ ಬಿಡುಗಡೆಯಾಗಿ ವಾರ ಕಳೆಯುವುದರೊಳಗೆ ಯಾರಾದರೊಬ್ಬರು ಅವರ ಹಳೇ ಭಾಷಣದ ತುಣುಕನ್ನು ಹುಡುಕಿ ತೆಗೆದಿರುತ್ತಾರೆ. ಪುಸ್ತಕದಲ್ಲಿ 'ನಾನು ಮೊದಲಿನಿಂದಲೂ ವಿರೋಧಿಸುತ್ತಲೇ ಬಂದೆ' ಎಂದಿರುತ್ತದೆ. ತುಣುಕಿನಲ್ಲಿ ಅದೇ ಮನುಷ್ಯ ಮೈಕಿನ ಮುಂದೆ ನಿಂತು ಅದನ್ನೇ ಹಾಡಿ ಹೊಗಳುತ್ತಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು 'ಸಿಕ್ಕಿಬಿದ್ದರು' ಎಂದು ಹಂಚಿಕೊಂಡರೆ ವಿಚಾರಣೆ ಮುಗಿದಂತೆ. ಕೆಲವೊಮ್ಮೆ ನಿಜಕ್ಕೂ ವಿಷಯ ಅಷ್ಟೇ ಇರುತ್ತದೆ. ಆದರೆ ಈ ತೀರ್ಪಿನ ಹಿಂದೆ ನಾವು ಪರೀಕ್ಷಿಸದೆ ಒಪ್ಪಿಕೊಂಡ ಒಂದು ನಂಬಿಕೆ ಕೂತಿದೆ: ಮೊದಲು ಹೇಳಿದ್ದು ನಿಜ, ಆಮೇಲೆ ಬರೆದದ್ದು ಬಣ್ಣ.

ಹಳೆಯ ಹೇಳಿಕೆಯ ಧ್ವನಿಮುದ್ರಣ ಸಾಬೀತು ಮಾಡುವುದು 'ಹೀಗೆ ಹೇಳಿದರು' ಎಂಬುದನ್ನು ಮಾತ್ರ. 'ಹೀಗೆ ನಡೆಯಿತು' ಎಂಬುದಕ್ಕೆ ಬೇರೆಯೇ ಸಾಕ್ಷಿ ಬೇಕು. ಅಧಿಕಾರದಲ್ಲಿದ್ದವರಿಗೆ ಆ ಹೊತ್ತಿನಲ್ಲಿ ಸುಳ್ಳು ಹೇಳಲು ಕಾರಣಗಳಿದ್ದವು. ನಿವೃತ್ತರಾಗಿ ಬರೆಯಲು ಕೂತಾಗ ಬೇರೆ ಕಾರಣಗಳಿರುತ್ತವೆ. ಎರಡರಲ್ಲಿ ಯಾವುದು ಹಳೆಯದು ಎಂದು ಕೇಳಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಯಾರೆದುರು ಹೇಳಿದರು, ಆಗ ಅವರು ಏನನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದರು ಎಂದು ಕೇಳಿದರೆ ಗಂಟು ಸಡಿಲವಾಗತೊಡಗುತ್ತದೆ.

ವಿನ್‌ಸ್ಟನ್ ಚರ್ಚಿಲ್ ಅವರಿಂದ ಶುರು ಮಾಡೋಣ. ಎರಡನೇ ಮಹಾಯುದ್ಧದ ಬಗ್ಗೆ ಅವರು ಆರು ಭಾಗಗಳ ಬೃಹತ್ ಪುಸ್ತಕ ಬರೆದರು. 1949ರಲ್ಲಿ ಬಂದ ಎರಡನೇ ಭಾಗದಲ್ಲಿ ಒಂದು ಹೆಮ್ಮೆಯ ಮಾತಿದೆ: ಒಂಟಿಯಾಗಿ ಹೋರಾಟ ಮುಂದುವರಿಸಬೇಕೇ ಎಂಬ ಪರಮ ಪ್ರಶ್ನೆ ಯುದ್ಧ ಸಂಪುಟದ ಕಾರ್ಯಸೂಚಿಯಲ್ಲಿ ಎಂದೂ ಜಾಗ ಪಡೆಯಲಿಲ್ಲ, ಮುಂದಿನ ಪೀಳಿಗೆಯವರು ಇದನ್ನು ಗಮನಾರ್ಹವೆಂದು ಎಣಿಸಬಹುದು. ಓದಿದವರ ಕಣ್ಣಮುಂದೆ ಬರುವುದು ಒಬ್ಬರೂ ಅಲುಗದೆ ನಿಂತ ಸರ್ಕಾರ.

ಆ ಸಭೆಗಳ ನಡಾವಳಿ ಸಾರ್ವಜನಿಕರಿಗೆ ಸಿಕ್ಕಿದ್ದು 1970ರ ದಶಕದ ಆರಂಭದಲ್ಲಿ. ಅದನ್ನು ತೆರೆದವರಿಗೆ ಕಂಡದ್ದು ಬೇರೆ. 1940ರ ಮೇ 26ರಿಂದ 28ರವರೆಗೆ, ಡನ್‌ಕರ್ಕ್ ಕಡಲತೀರದಲ್ಲಿ ಬ್ರಿಟಿಷ್ ಸೈನ್ಯ ಸಿಕ್ಕಿಹಾಕಿಕೊಂಡಿದ್ದಾಗ, ಐದು ಜನರ ಆ ಸಂಪುಟ ಮತ್ತೆ ಮತ್ತೆ ಸೇರಿ ಇದೇ ವಿಷಯವನ್ನು ಕುಟ್ಟಿತ್ತು. ಇಟಲಿಯ ಮುಸೊಲಿನಿಯ ಮೂಲಕ ಸಂಧಾನದ ಶರತ್ತುಗಳೇನೆಂದು ಕೇಳಿ ನೋಡಬಾರದೇಕೆ ಎಂದು ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್ ಪಟ್ಟು ಹಿಡಿದಿದ್ದರು. ಮಾಲ್ಟಾ, ಜಿಬ್ರಾಲ್ಟರ್ ಮತ್ತು ಆಫ್ರಿಕಾದ ಕೆಲವು ವಸಾಹತುಗಳನ್ನು ಕೊಟ್ಟು ಈ ಇಕ್ಕಟ್ಟಿನಿಂದ ಪಾರಾಗುವಂತಿದ್ದರೆ ತಾನು ಅದಕ್ಕೆ ಕೂಡಲೇ ಒಪ್ಪುತ್ತೇನೆ ಎಂದು ಚರ್ಚಿಲ್ ಅವರೇ ಹೇಳಿದರೆಂದು ಆ ಸಂಪುಟದಲ್ಲಿದ್ದ ಹಿಂದಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಂಥ ಶರತ್ತು ಸಿಗುವ ಭರವಸೆ ಚರ್ಚಿಲ್‌ಗೆ ಇರಲಿಲ್ಲ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಹೋರಾಡಿ ಬಿದ್ದ ದೇಶಗಳು ಮತ್ತೆ ಏಳುತ್ತವೆ, ತೆಪ್ಪಗೆ ಶರಣಾದವುಗಳ ಕಥೆ ಮುಗಿದಂತೆ ಎಂದು 28ರಂದು ವಾದಿಸಿ ಅವರು ಗೆದ್ದರು.

ಹಾಗಾದರೆ ಪುಸ್ತಕದ ಮಾತು ಸುಳ್ಳೇ? ಇಲ್ಲಿ ತುಸು ನಗು ಬರುತ್ತದೆ. ಚರ್ಚೆಗೆ ಬಂದ ಪತ್ರದ ತಲೆಬರಹ 'ಸಿನ್ಯೋರ್ ಮುಸೊಲಿನಿ ಅವರನ್ನು ಸಂಪರ್ಕಿಸುವ ಸಲಹೆ' ಎಂದಿತ್ತು. 'ಹೋರಾಡಬೇಕೇ ಬೇಡವೇ' ಎಂಬ ಹೆಸರಿನ ಬಾಬ್ತು ಕಾರ್ಯಸೂಚಿಯಲ್ಲಿ ನಿಜಕ್ಕೂ ಇರಲಿಲ್ಲ! ಅಕ್ಷರಕ್ಕೆ ಅಕ್ಷರ ಹಿಡಿದರೆ ವಾಕ್ಯ ಸರಿ. ಅದು ಓದುಗರ ಮನಸ್ಸಿನಲ್ಲಿ ಮೂಡಿಸುವ ಚಿತ್ರ ತಪ್ಪು. ಪಳಗಿದ ರಾಜಕಾರಣಿಗಳ ಆತ್ಮಕಥೆಯಲ್ಲಿ ನೇರ ಸುಳ್ಳು ಕಡಿಮೆ, ಈ ಬಗೆಯ ವಾಕ್ಯಗಳೇ ಹೆಚ್ಚು. ಚರ್ಚಿಲ್‌ಗೆ ಕಾರಣಗಳೂ ಇದ್ದವು. ಆಗ ಅವರು ವಿರೋಧ ಪಕ್ಷದ ನಾಯಕ, ಮತ್ತೆ ಪ್ರಧಾನಿಯಾಗುವ ಆಸೆಯಿತ್ತು, 1951ರಲ್ಲಿ ಆದರು ಕೂಡ. ಹ್ಯಾಲಿಫ್ಯಾಕ್ಸ್ ಬದುಕಿದ್ದರು, ಅದೇ ಪಕ್ಷದವರು. ತಾನು ಗೆದ್ದ ವಾದವನ್ನೇ ಅಳಿಸಿ ಅದರ ಕೀರ್ತಿಯನ್ನು ಎಲ್ಲರಿಗೂ ಹಂಚಿದ್ದರಲ್ಲಿ ಒಂದಿಷ್ಟು ಔದಾರ್ಯವೂ ಇದೆ, ಅದನ್ನು ಅಲ್ಲಗಳೆಯಲಾರೆ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅಧಿಕಾರದಲ್ಲಿದ್ದವರು ಬರೆಯಲು ಕೂತಾಗ ಕಡತಗಳು ಅವರ ಕೈಗೆ ಸಿಗುತ್ತವೆ, ಓದುಗರಿಗೆ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 1958ರ ಕಾಯ್ದೆ ಸರ್ಕಾರಿ ಕಡತಗಳಿಗೆ 50 ವರ್ಷದ ಬೀಗ ಹಾಕಿತ್ತು. 1967ರಲ್ಲಿ ಅದು 30ಕ್ಕೆ ಇಳಿಯಿತು, 2010ರ ಕಾಯ್ದೆಯ ನಂತರ ಹಂತ ಹಂತವಾಗಿ 20ಕ್ಕೆ ಬಂತು. ಆತ್ಮಕಥೆ ಬರೆದವರ ಆವೃತ್ತಿಗೆ ದಶಕಗಳ ಮುನ್ನಡೆ ಸಿಗುತ್ತದೆ. ಅಷ್ಟರಲ್ಲಿ ಅದು ಪಠ್ಯಪುಸ್ತಕ ಸೇರಿ, ಉಳಿದವರು ಉಲ್ಲೇಖಿಸಿ, ಎಲ್ಲರಿಗೂ ಗೊತ್ತಿರುವ ಸತ್ಯವಾಗಿಬಿಟ್ಟಿರುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ತಮ್ಮ ರಹಸ್ಯ ಟೇಪುಗಳನ್ನು ತಾನು ಸತ್ತು 50 ವರ್ಷವಾಗುವವರೆಗೆ ತೆರೆಯಬಾರದೆಂದು ಬಯಸಿದ್ದರು. ಅವರ ಹೆಸರಿನ ಗ್ರಂಥಾಲಯದವರು ಅಷ್ಟು ಕಾಯದೆ 1990ರ ದಶಕದಲ್ಲೇ ತೆರೆಯಲು ಶುರುಮಾಡಿದ್ದರಿಂದ ನಾವಿಂದು ಅವುಗಳ ಬಗ್ಗೆ ಮಾತಾಡುತ್ತಿದ್ದೇವೆ.

ಸುಳ್ಳು ಹೇಳುವ ಉದ್ದೇಶವೇ ಇಲ್ಲದಿದ್ದರೂ ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾಗದೆ ಹೋಗಬಹುದು. ಇದನ್ನು ಜಾನ್ ಡೀನ್ ಪ್ರಸಂಗದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ವಕೀಲರಾಗಿದ್ದ ಡೀನ್ 1973ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ, ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಹಗರಣದ ಬಗ್ಗೆ ಬಾಯಿಬಿಟ್ಟರು. ಮೊದಲೇ ಬರೆದು ತಂದ ಹೇಳಿಕೆಯೇ 245 ಪುಟ. ತಿಂಗಳುಗಳ ಹಿಂದಿನ ಮಾತುಕತೆಗಳನ್ನು ಅವರು ಎಷ್ಟು ವಿವರವಾಗಿ ಒಪ್ಪಿಸಿದರೆಂದರೆ ಪತ್ರಕರ್ತರು ಅವರನ್ನು ಮನುಷ್ಯರೂಪದ ಟೇಪ್ ರೆಕಾರ್ಡರ್ ಎಂದು ಕರೆದರು. ಶ್ವೇತಭವನದಲ್ಲಿ ನಿಜವಾದ ಟೇಪ್ ರೆಕಾರ್ಡರೇ ಓಡುತ್ತಿತ್ತು ಎಂಬ ಸುದ್ದಿ ಜುಲೈ 16ರಂದು ಹೊರಬಿತ್ತು. ಸಾಕ್ಷ್ಯ ಹೇಳುವಾಗ ಡೀನ್ ಕೈಗೆ ಆ ಟೇಪುಗಳು ಸಿಕ್ಕಿರಲಿಲ್ಲ.

ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಈ ಅಪರೂಪದ ಅವಕಾಶವನ್ನು ಬಿಡಲಿಲ್ಲ. ಸಾಕ್ಷ್ಯವನ್ನೂ ಟೇಪಿನ ಪಾಠವನ್ನೂ ಅಕ್ಕಪಕ್ಕ ಇಟ್ಟು 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1972ರ ಸೆಪ್ಟೆಂಬರ್ 15ರ ಭೇಟಿಯನ್ನು ನೋಡಿ. ಅಂದು ಏಳು ಜನರ ಮೇಲೆ ದೋಷಾರೋಪ ಹೊರಿಸಲಾಗಿತ್ತು, ಅಷ್ಟಕ್ಕೇ ಪ್ರಕರಣ ನಿಂತಿತ್ತು. ಡೀನ್ ಹೇಳಿದ ಪ್ರಕಾರ, ಒಳಗೆ ಹೋದಾಗ ಅಧ್ಯಕ್ಷರು ಕುಳಿತುಕೊಳ್ಳಲು ಹೇಳಿದರು; ನಿನ್ನ ಕೆಲಸದ ಬಗ್ಗೆ ಹಾಲ್ಡ್‌ಮನ್ (ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ) ನನಗೆ ಹೇಳುತ್ತಲೇ ಇದ್ದಾನೆ ಎಂದರು; ಒಳ್ಳೆಯ ಕೆಲಸ ಮಾಡಿದೆ ಎಂದು ಬೆನ್ನು ತಟ್ಟಿದರು; ಕೇಸು ಮೇಲಿನವರತ್ತ ಹೋಗದೆ, ಆ ಏಳರಲ್ಲೊಬ್ಬನಾದ ಲಿಡ್ಡಿ ಎಂಬಾತನ ಹತ್ತಿರವೇ ನಿಂತದ್ದಕ್ಕೆ ಸಂತೋಷಪಟ್ಟರು. ನನಗೊಬ್ಬನಿಗೇ ಇದರ ಶ್ರೇಯಸ್ಸು ಸಲ್ಲದು, ಬೇರೆಯವರು ಇನ್ನೂ ಕಷ್ಟದ ಕೆಲಸ ಮಾಡಿದ್ದಾರೆ ಎಂದು ತಾನು ವಿನಯದಿಂದ ಉತ್ತರಿಸಿದೆ ಎಂದೂ ಡೀನ್ ಹೇಳಿದರು.

ಟೇಪಿನಲ್ಲಿ ಆ ಭಾಗದಲ್ಲಿ ಇದ್ಯಾವುದೂ ಇಲ್ಲ. ಕೂತುಕೋ ಎಂದಿಲ್ಲ, ಹಾಲ್ಡ್‌ಮನ್ ಹೇಳಿದ ಎಂದಿಲ್ಲ, ಲಿಡ್ಡಿಯ ಮಾತಿಲ್ಲ, ಡೀನ್ ಅವರ ವಿನಯದ ಉತ್ತರವೂ ಇಲ್ಲ. ನೈಸರ್ ಓದುವಂತೆ, ಅಧ್ಯಕ್ಷರು ತನ್ನನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಡೀನ್ ಮನಸ್ಸು ಬಯಸಿತ್ತೋ ಅದು ಅವರ ನೆನಪಾಗಿ ಕೂತಿತ್ತು. ನೆನಪಿನ ನಾಟಕದಲ್ಲಿ ಅವರ ಪಾತ್ರ ನಿಜಕ್ಕಿಂತ ದೊಡ್ಡದಾಗಿತ್ತು. ಅಷ್ಟಾದರೂ ಡೀನ್ ಸುಳ್ಳುಗಾರನಾಗಲಿಲ್ಲ, ಯಾಕೆಂದರೆ ಮುಖ್ಯ ಸಂಗತಿ ನೂರಕ್ಕೆ ನೂರು ನಿಜವಾಗಿತ್ತು: ಹಗರಣಕ್ಕೆ ತಿಪ್ಪೆ ಸಾರಿಸುವ ಕೆಲಸ ನಡೆಯುತ್ತಿರುವುದು ನಿಕ್ಸನ್‌ಗೆ ಗೊತ್ತಿತ್ತು, ಅವರು ಅದಕ್ಕೆ ಸಮ್ಮತಿಸಿದ್ದರು. 1972ರ ಜೂನ್ 23ರ ಇನ್ನೊಂದು ಟೇಪು 1974ರ ಆಗಸ್ಟ್ 5ರಂದು ಬಿಡುಗಡೆಯಾದಾಗ ಆ ಬಗ್ಗೆ ಅನುಮಾನ ಉಳಿಯಲಿಲ್ಲ. ಮೂರು ದಿನಕ್ಕೆ ನಿಕ್ಸನ್ ರಾಜೀನಾಮೆ ಘೋಷಿಸಿದರು.

ಆದ್ದರಿಂದ ಆತ್ಮಕಥೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಪುಟಗಟ್ಟಲೆ ಸಂಭಾಷಣೆ ಕಂಡರೆ ಅದನ್ನು ನಾಟಕದ ಪಾಠದಂತೆ ಓದುವುದು ಒಳ್ಳೆಯದು. ಮೂವತ್ತು ವರ್ಷದ ಹಿಂದಿನ ಮಾತು ಯಾರಿಗೂ ಪದಶಃ ನೆನಪಿರುವುದಿಲ್ಲ. ತಾನು ಬುದ್ಧಿವಂತಿಕೆಯ ಉತ್ತರ ಕೊಟ್ಟೆ ಎಂಬ ಭಾಗವನ್ನಂತೂ ಇನ್ನಷ್ಟು ಎಚ್ಚರದಿಂದ ಓದಬೇಕು. ರಾಜಕಾರಣಿಗಳಿಗೆ ಇನ್ನೊಂದು ವೃತ್ತಿಸಹಜ ಕಷ್ಟವಿದೆ: ಅವರು ಅದೇ ಕಥೆಯನ್ನು ವೇದಿಕೆಯಿಂದ ವೇದಿಕೆಗೆ ಹೇಳುತ್ತಾ ಹೋಗುತ್ತಾರೆ. ಚಪ್ಪಾಳೆ ಬಿದ್ದ ಸಾಲು ಉಳಿಯುತ್ತದೆ, ಬೀಳದ ಸಾಲು ಉದುರುತ್ತದೆ. ಕೊನೆಗೆ ಅವರಿಗೆ ನೆನಪಿರುವುದು ಘಟನೆಯೋ ಭಾಷಣವೋ ಎಂದು ಅವರಿಗೇ ಹೇಳಲಾಗುವುದಿಲ್ಲ. ಹಿಲರಿ ಕ್ಲಿಂಟನ್ 2008ರ ಪ್ರಚಾರದಲ್ಲಿ, 1996ರಲ್ಲಿ ಬಾಸ್ನಿಯಾದ ತುಜ್ಲಾದಲ್ಲಿ ಗುಂಡಿನ ದಾಳಿಯ ನಡುವೆ ಇಳಿದು ತಲೆ ತಗ್ಗಿಸಿ ವಾಹನಗಳತ್ತ ಓಡಿದೆವು ಎಂದರು. ಹಳೆಯ ವಿಡಿಯೋದಲ್ಲಿ ಅವರು ನಗುತ್ತಾ ನಡೆದು ಬಂದು ಪುಟ್ಟ ಹುಡುಗಿಯೊಬ್ಬಳನ್ನು ಮಾತಾಡಿಸುತ್ತಿದ್ದರು. ವಿಚಿತ್ರವೆಂದರೆ 2003ರ ಅವರ ಆತ್ಮಕಥೆಯಲ್ಲಿ ಈ ಪ್ರಸಂಗ ವಿಡಿಯೋಕ್ಕೆ ಹತ್ತಿರವಾಗಿಯೇ ಇದೆ: ಬೆಟ್ಟಗಳಲ್ಲಿ ಬಂದೂಕುಧಾರಿಗಳಿದ್ದಾರೆಂಬ ವರದಿಯಿಂದ ಕಾರ್ಯಕ್ರಮ ಮೊಟಕಾಯಿತು, ಮಕ್ಕಳನ್ನು ಭೇಟಿಯಾದೆವು, ಇಷ್ಟೇ. ಇಲ್ಲಿ ಪುಸ್ತಕ ಸರಿ, ಆಮೇಲಿನ ಭಾಷಣ ತಪ್ಪು.

ಈಗ ತಿರುವು ಮುರುವಾದ ಪ್ರಕರಣಕ್ಕೆ ಬರೋಣ: ಹಳೆಯ ಹೇಳಿಕೆಯೇ ಸುಳ್ಳಾಗಿದ್ದರೆ?

1956ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ಮಾಡಿತು. ಜಗಳ ಬಿಡಿಸುತ್ತೇವೆ ಎಂಬ ನೆಪದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸುಯೆಜ್ ಕಾಲುವೆಗೆ ಸೈನ್ಯ ಕಳಿಸಿದವು. ಮೂವರೂ ಮೊದಲೇ ಒಳಒಪ್ಪಂದ ಮಾಡಿಕೊಂಡಿದ್ದರೆಂಬ ಗುಮಾನಿ ಎದ್ದಾಗ, ಡಿಸೆಂಬರ್ 20ರಂದು ಬ್ರಿಟನ್ನಿನ ಪ್ರಧಾನಿ ಆಂಥನಿ ಈಡನ್ ಸಂಸತ್ತಿನಲ್ಲಿ ಇಸ್ರೇಲ್ ದಾಳಿ ಮಾಡಲಿದೆ ಎಂಬ ಮುನ್ನರಿವು ಇರಲಿಲ್ಲ, ಇರಲೇ ಇಲ್ಲ ಎಂದರು. ವಾಸ್ತವದಲ್ಲಿ ಅಕ್ಟೋಬರ್ 24ರಂದು ಪ್ಯಾರಿಸ್ ಪಕ್ಕದ ಸೆವ್ರ್‌ನ ಮನೆಯೊಂದರಲ್ಲಿ ಮೂರೂ ದೇಶದವರು ಯಾರು ಯಾವಾಗ ಏನು ಮಾಡಬೇಕೆಂದು ಬರೆದು ಸಹಿ ಹಾಕಿದ್ದರು. ಕಾಗದದ ಮೇಲೆ ಬರೆದಿಟ್ಟ ಸುದ್ದಿ ಕೇಳಿ ಈಡನ್ ಗಾಬರಿಬಿದ್ದು ಪ್ರತಿಗಳನ್ನು ವಾಪಸು ತರಲು ಅಧಿಕಾರಿಗಳನ್ನು ಅಟ್ಟಿದರು. ಬ್ರಿಟನ್ನಿನ ಪ್ರತಿ ನಾಶವಾಯಿತು. ಇಸ್ರೇಲ್ ಪ್ರಧಾನಿ ಬೆನ್ ಗುರಿಯನ್ ಕೊಂಡೊಯ್ದ ಪ್ರತಿ ಉಳಿಯಿತು, 1996ರಲ್ಲಿ ಜಗತ್ತಿಗೆ ಕಂಡಿತು.

1960ರಲ್ಲಿ ಬಂದ ಈಡನ್ ಆತ್ಮಕಥೆಯಲ್ಲಿ ಸೆವ್ರ್ ಭೇಟಿಯ ಸೊಲ್ಲೇ ಇಲ್ಲ. ಸಂಸತ್ತಿನಲ್ಲಿ ಹೇಳಿದ್ದಕ್ಕೂ ಪುಸ್ತಕಕ್ಕೂ ಎಲ್ಲೂ ವಿರೋಧವಿಲ್ಲ, ಎರಡೂ ಒಂದಕ್ಕೊಂದು ಹೊಂದುತ್ತವೆ. ಆತ್ಮಕಥೆಯನ್ನು ಹಳೆಯ ಹೇಳಿಕೆಯ ಪಕ್ಕಕ್ಕಿಟ್ಟು ನೋಡುವ ವಿಧಾನವನ್ನಷ್ಟೇ ನೆಚ್ಚಿಕೊಂಡಿದ್ದರೆ ಈಡನ್ ಪೂರ್ಣಾಂಕ ಪಡೆದು ಪಾಸಾಗುತ್ತಿದ್ದರು. ಗುಟ್ಟು ಒಡೆದದ್ದು ಬೇರೆಯವರ ಆತ್ಮಕಥೆಗಳಿಂದ. 1967ರಲ್ಲಿ, ಸುಯೆಜ್ ವೇಳೆಯೇ ಈಡನ್ ಸರ್ಕಾರ ಬಿಟ್ಟು ಹೋಗಿದ್ದ ಸಚಿವ ಆಂಥನಿ ನಟಿಂಗ್, 1976ರಲ್ಲಿ ಇಸ್ರೇಲಿನ ಮೋಶೆ ದಯಾನ್, 1978ರಲ್ಲಿ ಈಡನ್ ಅವರ ವಿದೇಶಾಂಗ ಸಚಿವರಾಗಿದ್ದ ಸೆಲ್ವಿನ್ ಲಾಯ್ಡ್, ಹೀಗೆ ಒಬ್ಬೊಬ್ಬರೂ ಒಂದಿಷ್ಟು ಹೇಳಿದರು. ಇವರಲ್ಲಿ ಕೆಲವರು ಆ ಹೊತ್ತಿನಲ್ಲಿ ಸಂಸತ್ತಿಗೋ ಪತ್ರಿಕೆಗಳಿಗೋ ಬೇರೆ ಮಾತು ಹೇಳಿದ್ದವರೇ. ಅವರ ಹಳೆಯ ತುಣುಕನ್ನು ಹಿಡಿದು 'ಆಗ ಹಾಗೆ ಹೇಳಿದ್ದಿರಲ್ಲ' ಎಂದು ಕೂಗಿದ್ದರೆ, ಕೊನೆಗೂ ನಿಜ ಹೇಳಿದ್ದಕ್ಕೆ ಅವರನ್ನು ಶಿಕ್ಷಿಸಿದಂತಾಗುತ್ತಿತ್ತು.

ವಿಯೆಟ್ನಾಂ ಯುದ್ಧಕಾಲದ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಮ್ಯಾಕ್‌ನಮಾರಾ ಅವರದು ಇದೇ ಜಾತಿಯ, ಆದರೆ ಹೆಚ್ಚು ಕಹಿಯಾದ ಕಥೆ. 1964ರ ಏಪ್ರಿಲ್‌ನಲ್ಲಿ, ಇದನ್ನು 'ಮ್ಯಾಕ್‌ನಮಾರಾ ಯುದ್ಧ' ಎನ್ನುತ್ತಾರಲ್ಲ ಎಂದು ಕೇಳಿದಾಗ, ಹಾಗೆ ಕರೆದರೆ ಬೇಸರವಿಲ್ಲ, ಇದೊಂದು ಮಹತ್ವದ ಯುದ್ಧ, ಇದರೊಂದಿಗೆ ನನ್ನ ಹೆಸರು ಸೇರಿದ್ದು ಸಂತೋಷ ಎಂದಿದ್ದರು. 1995ರ ಆತ್ಮಕಥೆಯಲ್ಲಿ 'ನಾವು ತಪ್ಪು ಮಾಡಿದೆವು, ಘೋರ ತಪ್ಪು ಮಾಡಿದೆವು' ಎಂದು ಬರೆದರು. ಮೇಲ್ನೋಟಕ್ಕೆ ಇದು ಅಭಿಪ್ರಾಯ ಬದಲಾದ ಕಥೆ. ಮನುಷ್ಯ ಮೂವತ್ತು ವರ್ಷದಲ್ಲಿ ಕಲಿಯಬಾರದೇ? ಕಲಿಯಬಹುದು. ತೊಡಕಿರುವುದು ಬೇರೆಡೆ. 1963ರ ಡಿಸೆಂಬರ್‌ನಲ್ಲೇ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್‌ಗೆ ಹೋಗಿ ಬಂದು ಅಧ್ಯಕ್ಷರಿಗೆ ಬರೆದ ಟಿಪ್ಪಣಿಯಲ್ಲಿ ಅವರು ಪರಿಸ್ಥಿತಿ ತೀರಾ ಕಳವಳಕಾರಿಯಾಗಿದೆ ಎಂದಿದ್ದರು. ಎರಡು ಮೂರು ತಿಂಗಳಲ್ಲಿ ಇದು ಬದಲಾಗದಿದ್ದರೆ ದೇಶ ಕಮ್ಯುನಿಸ್ಟರ ಕೈಗೆ ಹೋಗುವ ಸಂಭವವೇ ಹೆಚ್ಚು ಎಂದು ಎಚ್ಚರಿಸಿದ್ದರು. ಹೊರಗೆ ಮಾತ್ರ ಭರವಸೆಯ ಮಾತು. 1967ರಲ್ಲಿ ಅವರೇ ಆದೇಶಿಸಿ ಸಿದ್ಧಪಡಿಸಿದ ಆ ಯುದ್ಧದ ರಹಸ್ಯ ಇತಿಹಾಸ 1971ರಲ್ಲಿ ಪತ್ರಿಕೆಗಳಿಗೆ ಸೋರಿದಾಗ ಈ ಎರಡು ಮುಖಗಳು ಎಲ್ಲರಿಗೂ ಕಂಡವು.

ಅಂದರೆ ಆತ್ಮಕಥೆಯ ಅನುಮಾನ ನಿಜ, ಸಾರ್ವಜನಿಕ ಹೇಳಿಕೆಯ ವಿಶ್ವಾಸ ನಟನೆ. ಇದರಿಂದ ಅವರ ಮೇಲಿನ ಆರೋಪ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಗೊತ್ತಿಲ್ಲದೆ ತಪ್ಪಿದವರನ್ನು ಕ್ಷಮಿಸಬಹುದು, ಗೊತ್ತಿದ್ದೂ ಸುಮ್ಮನಿದ್ದವರನ್ನು ಹೇಗೆ ಕ್ಷಮಿಸುವುದು ಎಂದು ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಕೇಳಿದರು. ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು. ವಿಯೆಟ್ನಾಮಿನವರ ಲೆಕ್ಕ ಹತ್ತಾರು ಲಕ್ಷಗಳಲ್ಲಿದೆ. ಅಧ್ಯಕ್ಷ ಜಾನ್ಸನ್ ಅವರದೂ ಅದೇ ಕಥೆ. 1964ರ ಮೇ 27ರ ಫೋನ್ ಕರೆಯ ಟೇಪಿನಲ್ಲಿ ಅವರು, ಹೋರಾಡುವಷ್ಟು ಅದಕ್ಕೆ ಬೆಲೆಯಿಲ್ಲ ಅನ್ನಿಸುತ್ತದೆ, ಹೊರಬರಲೂ ಸಾಧ್ಯವಿಲ್ಲ ಅನ್ನಿಸುತ್ತದೆ ಎಂದು ಒದ್ದಾಡುತ್ತಾರೆ. 1971ರ ಆತ್ಮಕಥೆಯ ಗಂಭೀರ, ನಿಶ್ಚಿತ ಧಾಟಿಯಲ್ಲಿ ಆ ಒದ್ದಾಟದ ದನಿ ಕೇಳಿಸುವುದಿಲ್ಲ. ಪುಸ್ತಕದ ಜಾನ್ಸನ್‌ಗಿಂತ ಟೇಪಿನ ಜಾನ್ಸನ್ ಹೆಚ್ಚು ಮನುಷ್ಯರು, ಹಾಗಾಗಿ ಹೆಚ್ಚು ಭಯ ಹುಟ್ಟಿಸುತ್ತಾರೆ.

ಪುಸ್ತಕದ ಮೇಲೆ ಹೆಸರಿರುವವರೇ ಪ್ರತಿ ಸಾಲಿಗೂ ಹೊಣೆ ಎಂದುಕೊಳ್ಳುವುದೂ ಯಾವಾಗಲೂ ಸರಿಯಲ್ಲ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಬಗ್ಗೆ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ತಮ್ಮ ರಾಬರ್ಟ್ ಕೆನಡಿ ಬರೆದ ಪುಸ್ತಕ ಅವರ ಹತ್ಯೆಯ ನಂತರ 1969ರಲ್ಲಿ ಬಂತು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವುದು ರಷ್ಯದ ಜೊತೆಗಿನ ಒಪ್ಪಂದದ ಭಾಗವೆಂದು ಅವರ ದಿನಚರಿಯಲ್ಲಿ ಸ್ಪಷ್ಟವಾಗಿ ಇತ್ತು. ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸಿದ ಥಿಯೋಡರ್ ಸೊರೆನ್ಸನ್ ಅದನ್ನು ತೆಗೆದುಹಾಕಿದರು. ಆ ಒಪ್ಪಂದ ಆಗ ಅಮೆರಿಕದಲ್ಲೂ ಬೆರಳೆಣಿಕೆಯ ಜನರಿಗೆ ಮಾತ್ರ ಗೊತ್ತಿದ್ದ ಗುಟ್ಟು. 1989ರಲ್ಲಿ ಮಾಸ್ಕೋದಲ್ಲಿ ನಡೆದ ಸಮಾವೇಶದಲ್ಲಿ ಸೊರೆನ್ಸನ್ ಇದನ್ನು ತಾವಾಗಿ ಒಪ್ಪಿಕೊಂಡರು. ಇನ್ನು ಸ್ವತಃ ಕೆನಡಿ ಬಿಡಿಸಿದ ತಮ್ಮದೇ ಚಿತ್ರದ ಮಾತು. ಪುಸ್ತಕದಲ್ಲಿ ಅವರು ಮೊದಲಿನಿಂದಲೂ ಶಾಂತಿಯ ದನಿ. ಆ ಸಭೆಗಳ ಟೇಪುಗಳನ್ನು ಪೂರ್ತಿ ಕೇಳಿದ ಇತಿಹಾಸಕಾರ ಶೆಲ್ಡನ್ ಸ್ಟರ್ನ್ ತೋರಿಸಿದಂತೆ ಮೊದಲ ದಿನವೇ ಅವರು ಕ್ಯೂಬಾ ಮೇಲೆ ಯುದ್ಧಕ್ಕೆ ಹೋಗಲು ನೆಪ ಹುಡುಕುವ ಮಾತಾಡಿದ್ದರು, 1898ರಲ್ಲಿ ಮುಳುಗಿ ಸ್ಪೇನ್ ಮೇಲಿನ ಯುದ್ಧಕ್ಕೆ ನೆಪವಾದ ಅಮೆರಿಕದ 'ಮೇನ್' ಹಡಗಿನಂಥದ್ದೇ ಇನ್ನೊಂದನ್ನು ಮುಳುಗಿಸಿದರಾದೀತೇ ಎನ್ನುವವರೆಗೆ. ದಿಢೀರ್ ವಾಯುದಾಳಿ ಬೇಡವೆಂದೂ ಅವರು ವಾದಿಸಿದ್ದು ನಿಜ. ಪುಸ್ತಕದಲ್ಲಿ ಎರಡನೆಯದು ಉಳಿದಿದೆ, ಮೊದಲನೆಯದು ಉಳಿದಿಲ್ಲ.

ಟೇಪೂ ಇಲ್ಲ, ಪದಶಃ ನಡಾವಳಿಯೂ ಇಲ್ಲ ಅನ್ನುವಾಗ? ನಮ್ಮ ದೇಶದ ಉದಾಹರಣೆ ಮೌಲಾನಾ ಅಬುಲ್ ಕಲಾಂ ಆಜಾದ್ ಅವರದು. ಅವರು ಉರ್ದುವಿನಲ್ಲಿ ಹೇಳುತ್ತಾ ಹೋದದ್ದನ್ನು ಹುಮಾಯೂನ್ ಕಬೀರ್ ಇಂಗ್ಲಿಷಿಗೆ ಇಳಿಸಿದರು. 1958ರ ಫೆಬ್ರವರಿಯಲ್ಲಿ ಆಜಾದ್ ತೀರಿಕೊಂಡರು, ಮರುವರ್ಷ ಪುಸ್ತಕ ಬಂತು, ಮೂವತ್ತರಷ್ಟು ಪುಟಗಳನ್ನು ಮಾತ್ರ ಮೊಹರು ಮಾಡಿ ಇಡಲಾಯಿತು. 1988ರಲ್ಲಿ ಅವು ತೆರೆದುಕೊಂಡಾಗ ಜನ ನಿರೀಕ್ಷಿಸಿದಂಥ ಸಿಡಿಲೇನೂ ಹೊರಬರಲಿಲ್ಲ, ನೆಹರೂ ಮತ್ತಿತರರ ಬಗ್ಗೆ ಇನ್ನಷ್ಟು ಖಾರವಾದ ಮಾತುಗಳಿದ್ದವು. ಆ ಪುಸ್ತಕದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಜಾಗಗಳಿವೆ. ಒಂದು, 1946ರ ಏಪ್ರಿಲ್ 26ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನೆಹರೂ ಹೆಸರನ್ನು ಸೂಚಿಸಿ ತಾವೇ ಹೊರಡಿಸಿದ ಹೇಳಿಕೆಯನ್ನು ಆಜಾದ್ ಬಚ್ಚಿಡುವುದಿಲ್ಲ. ಆಗ ಸರಿಯೆಂದು ತೋರಿತು, ಆಮೇಲೆ ನೋಡಿದರೆ ಅದೇ ಬಹುಶಃ ನನ್ನ ರಾಜಕೀಯ ಜೀವನದ ಅತಿ ದೊಡ್ಡ ಪ್ರಮಾದ ಎನ್ನುತ್ತಾರೆ. ಇದು ಅಭಿಪ್ರಾಯ ಬದಲಿಸಿಕೊಂಡವರ ಪ್ರಾಮಾಣಿಕ ರೀತಿ: ಹಳೆಯ ಹೇಳಿಕೆಯನ್ನು ತಾರೀಖು ಸಮೇತ ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲೇ ಹೊಸ ತೀರ್ಮಾನ ಇಡುವುದು.

ಇನ್ನೊಂದು ದೇಶವಿಭಜನೆಯ ಪ್ರಶ್ನೆ. ಪುಸ್ತಕದ ಆಜಾದ್ ಕೊನೆಯವರೆಗೂ ವಿಭಜನೆಯ ವಿರೋಧಿ. ಅದನ್ನು ಓದಿ ಕೆರಳಿದ ರಾಮಮನೋಹರ ಲೋಹಿಯಾ 1960ರಲ್ಲಿ ಬೇರೆ ಚಿತ್ರ ಕೊಟ್ಟರು. ವಿಭಜನೆಯನ್ನು ಒಪ್ಪಿಕೊಂಡ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸಭೆಗೆ ತಾನೂ ಆಹ್ವಾನಿತನಾಗಿದ್ದೆ, ಕಿಕ್ಕಿರಿದ ಆ ಸಣ್ಣ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಆಜಾದ್ ಎರಡು ದಿನವೂ ಸಿಗರೇಟು ಸೇದುತ್ತಾ ಕೂತಿದ್ದರು, ಒಂದು ಮಾತೂ ಆಡಲಿಲ್ಲ ಎಂದರು. ಇಬ್ಬರಲ್ಲಿ ಯಾರನ್ನು ನಂಬುವುದು? ಲೋಹಿಯಾ ಬರೆದದ್ದೂ ಹದಿಮೂರು ವರ್ಷದ ನಂತರ, ಅವರು ಕಾಂಗ್ರೆಸ್ಸಿನ ಕಟ್ಟಾ ಎದುರಾಳಿ, ಉತ್ತರ ಕೊಡಲು ಆಜಾದ್ ಬದುಕಿರಲಿಲ್ಲ. ಅಷ್ಟಲ್ಲದೆ, ಮನಸ್ಸಿನಲ್ಲಿ ವಿರೋಧವಿಟ್ಟುಕೊಂಡು ಸಭೆಯಲ್ಲಿ ಮೌನವಾಗಿರುವುದು ಸಾಧ್ಯ. ಸೋತವರು ಎಷ್ಟೋ ಸಲ ಹಾಗೇ ಕೂರುತ್ತಾರೆ. ಹಾಗಿದ್ದರೆ ಇಬ್ಬರೂ ನಿಜ ಹೇಳಿದ್ದಾರೆ, ಆದರೆ ಒಬ್ಬರು ಒಳಗಿನದು, ಇನ್ನೊಬ್ಬರು ಹೊರಗಿನದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಓದು.

ಇಷ್ಟು ಹೊತ್ತು ದಾಖಲೆ ಅಂದರೆ ಗಟ್ಟಿ ನೆಲ ಎಂಬಂತೆ ಮಾತಾಡಿದೆವು. ಅದೂ ಅಷ್ಟು ಗಟ್ಟಿಯಲ್ಲ. ಬ್ರಿಟಿಷ್ ಸಂಸತ್ತಿನ ವರದಿ ಪದಶಃ ಅಲ್ಲ; ಪುನರುಕ್ತಿಯನ್ನೂ ಎದ್ದು ಕಾಣುವ ತಪ್ಪುಗಳನ್ನೂ ತೆಗೆದ ಪಾಠ. ನಮ್ಮ ಲೋಕಸಭೆಯಲ್ಲಿ ನಿಯಮ 380ರ ಪ್ರಕಾರ ಸಭಾಧ್ಯಕ್ಷರು ಆಕ್ಷೇಪಾರ್ಹ ಮಾತನ್ನು ಕಡತದಿಂದ ತೆಗೆಸಬಹುದು, ಅಲ್ಲಿ ನಕ್ಷತ್ರ ಚಿಹ್ನೆಗಳಷ್ಟೇ ಉಳಿಯುತ್ತವೆ. ಇವೆಲ್ಲ ಬಹಿರಂಗ ನಿಯಮಗಳು, ಗೊತ್ತಿದ್ದರೆ ಸಾಕು. ಗುಟ್ಟಾಗಿ ತಿದ್ದಿದರೆ ಮಾತ್ರ ಕಷ್ಟ. ಹಿಟ್ಲರನ ಸಚಿವ ಆಲ್ಬರ್ಟ್ ಸ್ಪೀರ್ 20 ವರ್ಷ ಜೈಲಿನಲ್ಲಿದ್ದು ಹೊರಬಂದು 1969ರಲ್ಲಿ ಆತ್ಮಕಥೆ ಪ್ರಕಟಿಸಿದ. ಯೆಹೂದಿಗಳ ಸಾಮೂಹಿಕ ಹತ್ಯೆ ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕಿತ್ತು ಎಂಬ ಪಶ್ಚಾತ್ತಾಪದ ಧಾಟಿ ಲಕ್ಷಾಂತರ ಓದುಗರನ್ನು ಗೆದ್ದಿತು. ಅವನ ಕಚೇರಿಯ ದಿನಚರಿ ಪುಸ್ತಕವನ್ನೂ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಲಾಯಿತು. ಆದರೆ ಅದು ಅವನ ಗೆಳೆಯ ರುಡಾಲ್ಫ್ ವೋಲ್ಟರ್ಸ್ 1964ರಲ್ಲಿ ಮತ್ತೆ ಟೈಪ್ ಮಾಡಿಸಿದ ಪ್ರತಿ. ಬರ್ಲಿನ್ನಿನ ಯೆಹೂದಿಗಳನ್ನು ಮನೆಗಳಿಂದ ಹೊರಹಾಕಿದ ಉಲ್ಲೇಖಗಳನ್ನು ಅದರಿಂದ ತೆಗೆಯಲಾಗಿತ್ತು. 1943ರ ಭಾಗದ ಒಂದು ಮೂಲ ಪ್ರತಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದ್ದರಿಂದ ಎರಡೂ ಹೊಂದುವುದಿಲ್ಲವೆಂದು ಗೊತ್ತಾಯಿತು. 1943ರ ಅಕ್ಟೋಬರ್ 6ರಂದು ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಯೆಹೂದಿಗಳ ಹತ್ಯೆಯ ಬಗ್ಗೆ ಬಿಚ್ಚಿ ಮಾತಾಡಿದ ಸಭೆಯಲ್ಲಿ ತಾನು ಇರಲಿಲ್ಲ, ಮೊದಲೇ ಹೊರಟಿದ್ದೆ ಎಂದು ಸ್ಪೀರ್ ಸಾಯುವವರೆಗೂ ಸಾಧಿಸಿದ. 1971ರಲ್ಲಿ ಅವನೇ ಒಬ್ಬ ಪರಿಚಿತೆಗೆ ಬರೆದ ಖಾಸಗಿ ಪತ್ರ 2007ರಲ್ಲಿ ಹೊರಬಂತು. ಅದರಲ್ಲಿ, ಅನುಮಾನವೇ ಬೇಡ, ನಾನು ಅಲ್ಲಿದ್ದೆ ಎಂದು ಬರೆದಿದ್ದ.

ಸ್ಪೀರನ ಪ್ರಕರಣದಲ್ಲಿ ಕೆಲಸಕ್ಕೆ ಬಂದದ್ದು ಖಾಸಗಿ ಪತ್ರ, ಚರ್ಚಿಲ್ ಪ್ರಕರಣದಲ್ಲಿ ಬೇರೊಬ್ಬರ ದಿನಚರಿ, ಮ್ಯಾಕ್‌ನಮಾರಾ ಪ್ರಕರಣದಲ್ಲಿ ಅಧ್ಯಕ್ಷರೊಬ್ಬರಿಗೇ ಬರೆದ ಟಿಪ್ಪಣಿ. ಪ್ರಕಟವಾಗಲಿ ಎಂದು ಬರೆಯದ ಕಾಗದಗಳೇ ಹೆಚ್ಚು ಹೇಳುತ್ತವೆ. ಪತ್ರಿಕಾಗೋಷ್ಠಿಯ ವಿಡಿಯೋ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಹೆಚ್ಚು ತೂಕ ಕೊಡಬಾರದು. ಪತ್ರಿಕಾಗೋಷ್ಠಿ ಇರುವುದೇ ಹೇಳಬೇಕಾದ್ದನ್ನು ಹೇಳಲಿಕ್ಕೆ. ಬಿಟ್ಟದ್ದನ್ನೂ ಹುಡುಕಬೇಕು. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕುರ್ಟ್ ವಾಲ್ಡ್‌ಹೈಮ್ ತಮ್ಮ ಆತ್ಮಕಥೆಯಲ್ಲಿ 1941ರಲ್ಲಿ ಗಾಯಗೊಂಡು ಕಾನೂನು ಓದಿಗೆ ಮರಳಿದೆ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದರು. ಆಮೇಲೆ ಬಾಲ್ಕನ್ ಪ್ರದೇಶದಲ್ಲಿ ಜರ್ಮನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ವರ್ಷಗಳು ಆ ಒಂದು ವಾಕ್ಯದ ಸಂದಿಯಲ್ಲಿ ಮಾಯವಾಗಿದ್ದವು. ಅವರು 1986ರಲ್ಲಿ ಆಸ್ಟ್ರಿಯದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಪತ್ರಕರ್ತರು ಆ ಸಂದಿಗೆ ಟಾರ್ಚು ಹಿಡಿದರು.

ಹೊಸ ಕಾಲದ ಆತ್ಮಕಥೆಗಳಿಗೆ ಹೊಸ ಬಗೆಯ ಸಾಕ್ಷಿ ಬಂದಿದೆ. ಕೋವಿಡ್ ಕಾಲದ ಬ್ರಿಟನ್ನಿನ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ 2022ರ ಡಿಸೆಂಬರ್‌ನಲ್ಲಿ ದಿನಚರಿಯ ರೂಪದ ಪುಸ್ತಕ ತಂದರು. ಅದು ಆಯಾ ದಿನವೇ ಬರೆದ ದಿನಚರಿ ಅಲ್ಲ, ನಂತರ ಪತ್ರಕರ್ತೆ ಇಸಬೆಲ್ ಓಕ್‌ಶಾಟ್ ಜೊತೆ ಕೂತು ಕಟ್ಟಿದ್ದು. ಪುಸ್ತಕಕ್ಕೆಂದು ಅವರು ಕೊಟ್ಟ ಒಂದು ಲಕ್ಷದಷ್ಟು ವಾಟ್ಸಾಪ್ ಸಂದೇಶಗಳನ್ನು ಓಕ್‌ಶಾಟ್ ಮೂರೇ ತಿಂಗಳಲ್ಲಿ ಪತ್ರಿಕೆಯೊಂದಕ್ಕೆ ದಾಟಿಸಿದರು. ಆತ್ಮಕಥೆಯೂ ಅದನ್ನು ಪರೀಕ್ಷಿಸುವ ಕಡತವೂ ಹೀಗೆ ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದವು. 2023ರ ನವೆಂಬರ್ 30ರಂದು ಬ್ರಿಟನ್ನಿನ ಕೋವಿಡ್ ವಿಚಾರಣಾ ಆಯೋಗದ ಮುಂದೆ ಹ್ಯಾನ್‌ಕಾಕ್, 2020ರ ಮಾರ್ಚ್ 13ರಂದೇ ಲಾಕ್‌ಡೌನ್ ಮಾಡಿ ಎಂದು ಪ್ರಧಾನಿಗೆ ಹೇಳಿದ್ದೆ ಎಂದರು. ಆಯೋಗದ ವಕೀಲ ಹ್ಯೂಗೊ ಕೀತ್ ಅವರದೇ ಪುಸ್ತಕವನ್ನು ಎತ್ತಿಕೊಂಡರು: ಮಾರ್ಚ್ 13ರಂದು ನೀವು ಎದ್ದದ್ದರಿಂದ ಹಿಡಿದು ಪುಟವಿಡೀ ಬರೆದಿದ್ದೀರಿ, ಲಾಕ್‌ಡೌನ್ ಮಾಡಿ ಎಂದು ಪ್ರಧಾನಿಗೆ ಹೇಳಿದ ಮಾತು ಮಾತ್ರ ಇಲ್ಲವಲ್ಲ? ಪುಸ್ತಕ ಬರೆಯುವಾಗ ತನ್ನ ಎಲ್ಲ ಕಾಗದಪತ್ರಗಳು ಕೈಗೆ ಸಿಕ್ಕಿರಲಿಲ್ಲ, ಆಯೋಗಕ್ಕಾಗಿ ಹುಡುಕುವಾಗ ಇದು ತಿಳಿಯಿತು ಎಂದು ಅವರು ಉತ್ತರಿಸಿದರು.

ಅದೇ ಆಯೋಗ ಕೋವಿಡ್ ಕಾಲದ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಫೋನನ್ನೂ ಕೇಳಿತ್ತು. 2020ರ ಜನವರಿ ಕೊನೆಯಿಂದ ಜೂನ್‌ವರೆಗಿನ ಸುಮಾರು 5,000 ವಾಟ್ಸಾಪ್ ಸಂದೇಶಗಳನ್ನು ಅದರಿಂದ ಹೊರತೆಗೆಯಲು ಆಗಲಿಲ್ಲ. ಮಾರ್ಚ್ 13 ಆ ಅವಧಿಯೊಳಗೇ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಜಾನ್ಸನ್ ಆತ್ಮಕಥೆ ಅಂಗಡಿಗೆ ಬಂತು.